ತೋಟದ ದಾರಿ ಬಿಡಿಸಲು ಪಿಕಾಸಿಯೋ, ವೀಡ್ ಕಟರೋ, ಕಳೆನಾಶಕವೋ, ಜೆಸಿಬಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಪಿಕಾಸಿಗೆ. ಅಂಗಡಿಯ ಭಾರದ ಪಿಕಾಸಿ ಅಲ್ಲ, ಕುಲುಮೆಯಲ್ಲಿ ಹೇಳಿ ಮಾಡಿಸಿದ, ಬಾಯಿ ಸಣ್ಣಗಿರುವ ಹಗುರ ಪಿಕಾಸಿ. ಉಳಿದ ಮೂರೂ ನಮ್ಮ ದಾರಿಯಲ್ಲಿ ಕೆಲಸ ಮಾಡಿ ಹೋಗಿವೆ. ಹಾಗಾಗಿ ಇದು ಸುಮ್ನೆ ಹಳೇ ಕಾಲದ ಮೋಹ ಅಂದುಕೊಳ್ಳಬೇಡಿ.

ದಾರಿ ಅಂದರೆ ಟಾರು ರಸ್ತೆಯಿಂದ ಅಡಿಕೆ ತೋಟದ ಪಕ್ಕ ಹಾದು ಮನೆಗೆ ಬರುವ ಮಣ್ಣಿನ ದಾರಿ. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ವಾ? ಒಂದು ಬದಿ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇನ್ನೊಂದು ಬದಿ ಚರಂಡಿ, ಮೇಲೆ ಪಂಪಿನ ಕರೆಂಟ್ ಲೈನು. ಧರೆಯ ಮೇಲೆ ಲಂಟಾನದ ಪೊದೆ, ಕೆಳಗೆ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ, ಪಕ್ಕದ ನೆಡುತೋಪಿನಿಂದ ಬೀಜ ಬಿದ್ದು ಎದ್ದ ಅಕೇಶಿಯ ಸಸಿಗಳು. ಎರಡು ಮಳೆಗಾಲ ಬಿಟ್ಟರೆ ಸಾಕು, ಕಾರಿನ ಎರಡೂ ಬದಿಗೆ ಗೀರು ಬೀಳುತ್ತದೆ.

ಜೆಸಿಬಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಿಗ್ಗೆ ಬಂದು ಮಧ್ಯಾಹ್ನದೊಳಗೆ ಎಲ್ಲ ಬೋಳು ಮಾಡಿ ಹೋಯಿತು. ಆ ಮಳೆಗಾಲಕ್ಕೆ ಧರೆ ಕುಸಿಯಿತು, ಬೋಳಾದ ಮಣ್ಣಲ್ಲಿ ಕಾಂಗ್ರೆಸ್ ಗಿಡ ಬಂತು.

ವೀಡ್ ಕಟರ್, ಅಂದರೆ ಕೈಯಲ್ಲಿ ಹಿಡಿದು ಬೀಸುವ ಕಳೆ ಮೆಷಿನ್, ಹುಲ್ಲಿಗೆ ಚೆನ್ನ. ನೈಲಾನ್ ದಾರ ಹಾಕಿ ಹೊಡೆದರೆ ದಾರಿ ನೋಡಲು ಚೆಂದ. ತಕರಾರು ಶುರುವಾಗುವುದು ಬ್ಲೇಡು ಹಾಕಿ ಲಂಟಾನಕ್ಕೆ ಇಳಿದಾಗ. ತಕರಾರಿನ ಹೆಸರು ಮೋಟು.

ಮೆಷಿನ್ ಬೀಸುವ ಕೈ ಯಾವಾಗಲೂ ಓರೆಯಾಗಿ ಬೀಸುತ್ತದೆ. ಹೆಬ್ಬೆರಳು ದಪ್ಪದ ಲಂಟಾನ ನೆಲದಿಂದ ನಾಲ್ಕು ಬೆರಳು ಮೇಲೆ ಓರೆಯಾಗಿ ತುಂಡಾಗಿ ಚೂಪಾದ ಮೋಟು ಉಳಿಯುತ್ತದೆ. ಅವತ್ತು ಹಸಿ ಇರುತ್ತದೆ, ಕಾಲಿಟ್ಟರೂ ಬಗ್ಗುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಕಬ್ಬಿಣದ ಮೊಳೆ. ಅಷ್ಟರಲ್ಲಿ ಸುತ್ತ ಹೊಸ ಹುಲ್ಲು ಬಂದು ಮೋಟು ಮುಚ್ಚಿಹೋಗಿರುತ್ತದೆ. ಎದುರಿಗೆ ಬೈಕೋ ಜೀಪೋ ಬಂತು ಅಂತ ಕಾರನ್ನು ಸ್ವಲ್ಪ ಬದಿಗೆ ತೆಗೆದಿರೋ, ಕೆಲಸ ಕೆಟ್ಟಿತು. ಚುಚ್ಚುವುದು ಟೈರಿನ ಅಡಿಗಲ್ಲ, ಪಕ್ಕೆಗೆ. ಅಡಿಗೆ ಚುಚ್ಚಿದರೆ ಪಂಚರ್ ಹಾಕಿಸಿ ಓಡಾಡಬಹುದು. ಪಕ್ಕೆಗೆ ಚುಚ್ಚಿದರೆ ಪ್ಯಾಚ್ ನಿಲ್ಲುವುದಿಲ್ಲ, ಟೈರೇ ಹೊಸದು ಆಗಬೇಕು. ಆ ಟೈರಿನ ದುಡ್ಡಲ್ಲಿ ಮೂರ್ನಾಲ್ಕು ಪಿಕಾಸಿ ಮಾಡಿಸಬಹುದಿತ್ತು. ಅಮ್ಮನ ಹವಾಯಿ ಚಪ್ಪಲಿ ತೂತಾಗಿದ್ದು ಬೇರೆ ಲೆಕ್ಕ.

ಕಟರ್ ಹುಡುಗನಿಗೆ ನೆಲಕ್ಕೆ ಸರಿಯಾಗಿ ಹೊಡಿ ಅಂದೆ. "ಅಣ್ಣಾ, ಇನ್ನೂ ಕೆಳಗೆ ಹೊಡೆದ್ರೆ ಕಲ್ಲಿಗೆ ತಾಗಿ ಬ್ಲೇಡ್ ಹೋಗುತ್ತೆ. ಬ್ಲೇಡ್ ದುಡ್ಡು ನೀವು ಕೊಡ್ತೀರಾ?" ಅಂದ. ಅವನು ಹೇಳಿದ್ದೂ ಸರಿಯೇ. ಬ್ಲೇಡಿನ ಮುಂದಿನ ಬಲ ಅಂಚು ದಪ್ಪ ಕಾಂಡಕ್ಕೋ ಕಲ್ಲಿಗೋ ತಾಗಿದರೆ ಮೆಷಿನ್ ಜಾಡಿಸಿ ಒದೆಯುತ್ತದೆ, ಕಾಲು ಹೋಗಬಹುದು. ಇಷ್ಟೆಲ್ಲ ಆಗಿ ಆ ಮೋಟು ಸಾಯುವುದೂ ಇಲ್ಲ. ಒಂದು ಕಾಂಡ ಇದ್ದಲ್ಲಿ ನಾಲ್ಕೈದು ಚಿಗುರು ಹೊಡೆದು ಮೊದಲಿಗಿಂತ ದಟ್ಟವಾಗುತ್ತದೆ.

ಕಳೆನಾಶಕದವರು ಇಲ್ಲಿಯೇ ನಗುತ್ತಾರೆ, ಬೇರಿನ ಸಮೇತ ಸಾಯಿಸುತ್ತೇವಲ್ಲ ಅಂತ. ಅವರು ಹೊಡೆಯುವ ಗ್ಲೈಫೋಸೇಟ್ ಅನ್ನುವ ಔಷಧಿ ಎಲೆಯಿಂದ ಬೇರಿಗೆ ಇಳಿಯುತ್ತದೆ, ನಿಜ. ಆದರೆ ಸಿಂಪಡಿಸಿದ ಮೇಲೆ ಕೆಲವು ಗಂಟೆ ಮಳೆ ಬರಬಾರದು. ಗಿಡ ಚೆನ್ನಾಗಿ ಚಿಗುರಿರುವ ಜೂನ್, ಜುಲೈನಲ್ಲಿ ಮಲೆನಾಡಲ್ಲಿ ಅಂಥ ಹೊತ್ತು ಎಲ್ಲಿ ಸಿಗಬೇಕು? ಚರಂಡಿಯ ಕೆಂಪು ನೀರಲ್ಲಿ ಕಲಸಿದರೆ ಔಷಧಿ ಮಣ್ಣಿಗೇ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಅದು ಹುಲ್ಲನ್ನೂ ಬಿಡುವುದಿಲ್ಲ. ಧರೆ ಹಿಡಿದುಕೊಂಡಿರುವುದೇ ಆ ಹುಲ್ಲು, ಹೊಸ ಸಸಿ ಏಳದಂತೆ ತಡೆಯುವುದೂ ಅದೇ. ಸತ್ತ ಕಮ್ಯುನಿಸ್ಟ್ ಗಿಡ ನಿಂತಲ್ಲೇ ಒಣಗಿ ಬೇಸಿಗೆಗೆ ಬೆಂಕಿಪೊಟ್ಟಣ. ಅದೂ ಕರೆಂಟ್ ಲೈನಿನ ಕೆಳಗೆ! ಸಾಲದ್ದಕ್ಕೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಪರವಾನಗಿ ಇರುವ ಕೀಟ ನಿಯಂತ್ರಣದವರೇ ಗ್ಲೈಫೋಸೇಟ್ ಹೊಡೆಯಬೇಕು ಅಂತ ಆದೇಶ ಹೊರಡಿಸಿತು. ನಮ್ಮೂರಿಗೆ ಅಂಥವರು ಯಾರು ಬರುತ್ತಾರೆ?

ಪಿಕಾಸಿ ಕೆಲಸ ಹೀಗೆ. ಒಂದೆರಡು ಮಳೆ ಬಿದ್ದು ಮಣ್ಣು ಮೆದುವಾದ ಮೇಲೆ ಇಳಿಯಬೇಕು. ಲಂಟಾನದ ಕೊಂಬೆಗಳನ್ನು ಕತ್ತಿಯಲ್ಲಿ ಒಂದಷ್ಟು ಸವರಿ ಬುಡ ಕಾಣುವಂತೆ ಮಾಡಿಕೊಳ್ಳಿ. ಕಾಂಡ ಬೇರಾಗುವ ಜಾಗದಲ್ಲಿ ಒಂದು ಗಂಟು ಇರುತ್ತದೆ. ಚಿಗುರು ಬರುವುದೆಲ್ಲ ಅಲ್ಲಿಂದಲೇ. ಅದರ ಕೆಳಗೆ, ಮಣ್ಣಿನೊಳಗೆ 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ತಾಯಿಬೇರಿಗೆ ಓರೆಯಾಗಿ ಏಟು ಹಾಕಿ. ಬೇರು ತುಂಡಾದರೆ ಇಡೀ ಗಿಡ ಎದ್ದು ಬರುತ್ತದೆ. ಬುಡ ಮೇಲೆ, ತಲೆ ಕೆಳಗೆ ಮಾಡಿ ಒಣಗಲು ಬಿಡಿ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಾಡಿನ ಲಂಟಾನ ತೆಗೆಯಲು ರೂಪಿಸಿದ ಪದ್ಧತಿ ಇದು. ನೆಲ ಅಗೆದು ಹಾಳಾಗುವುದಿಲ್ಲ, ಹುಲ್ಲು ಉಳಿಯುತ್ತದೆ, ಮೋಟಂತೂ ಇಲ್ಲವೇ ಇಲ್ಲ. ಎಳೆ ಅಕೇಶಿಯ ಸಸಿಗೆ ಪಿಕಾಸಿಯೂ ಬೇಡ, ಹಸಿ ಮಣ್ಣಲ್ಲಿ ಕೈಯಲ್ಲೇ ಕಿತ್ತು ಬರುತ್ತದೆ.

ನಿಧಾನ, ಒಪ್ಪುತ್ತೇನೆ. ಬೆನ್ನು ನೋಯುತ್ತದೆ. ತಂತಿಯ ಮೇಲೆ ಕೂತ ಪಿಕಳಾರ ಹಕ್ಕಿಗಳು ಲಂಟಾನ ಹಣ್ಣು ತಿಂದು ಬೀಜ ಉದುರಿಸುತ್ತಲೇ ಇರುತ್ತವೆ, ಹಾಗಾಗಿ ಲೈನಿನ ಕೆಳಗೆ ವರ್ಷಕ್ಕೊಮ್ಮೆ ಸಸಿ ಕೀಳುವುದು ತಪ್ಪಿದ್ದಲ್ಲ. ಲೈನಿಗೆ ತಾಗಿದ ಕೊಂಬೆಗೆ ಮಾತ್ರ ಯಾವ ಆಯುಧವೂ ಬೇಡ, ಲೈನ್‌ಮನ್‌ಗೆ ಫೋನ್ ಮಾಡಿ ಕರೆಂಟ್ ತೆಗೆಸಿ.

ನಾನು ಊರಲ್ಲೇ ಇರುವವನು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ಅರ್ಧ ಗಂಟೆ ಪಿಕಾಸಿ ಹಿಡಿದರೆ ಕೂಲಿ ಖರ್ಚೂ ಇಲ್ಲ, ಪೆಟ್ರೋಲೂ ಇಲ್ಲ. ಬೆಂಗಳೂರಿಂದ ತಿಂಗಳಿಗೊಮ್ಮೆ ಬರುವವರು ಒಮ್ಮೆ ಆಳು ಹಾಕಿ ಲಂಟಾನ ಪೂರ್ತಿ ಬೇರಿಂದ ತೆಗೆಸಿ, ಆಮೇಲೆ ಹುಲ್ಲಿಗೆ ವೀಡ್ ಕಟರ್‌ನವರನ್ನು ಕರೆಯಿರಿ, ದಾರ ಹಾಕಿಯೇ ಹೊಡೆಯಲು ಹೇಳಿ. ಪಿಕಾಸಿ ಮಾಡಿಸುವುದಾದರೆ ಬಾಯಿ ಎರಡು ಇಂಚಿಗಿಂತ ಅಗಲ ಬೇಡ. ಅಗಲವಾದರೆ ಬೇರಿಗಿಂತ ಧರೆಯ ಮಣ್ಣೇ ಜಾಸ್ತಿ ಬರುತ್ತದೆ.