ಮೊದಲು ಯಾವ ಗಾಡ್ಜಿಲ್ಲಾ ನೋಡೋದು: 1954ರದ್ದೋ, 1964ರದ್ದೋ?

ಜಪಾನಿನ ಹಳೆಯ ದೈತ್ಯ ಮೃಗಗಳ ಸಿನಿಮಾ ನೋಡಲು ಹೊರಟವರು ಈ ಎರಡರಲ್ಲಿ ಒಂದರಿಂದ ಶುರು ಮಾಡಬಹುದು. ಎರಡೂ ತೋಹೋ ಕಂಪನಿಯವು, ಎರಡಕ್ಕೂ ಇಶಿರೋ ಹೋಂಡಾ ಅವರೇ ನಿರ್ದೇಶಕರು. ರುಚಿ ಮಾತ್ರ ಪೂರ್ತಿ ಬೇರೆ.

1954ರ ‘ಗಾಡ್ಜಿಲ್ಲಾ’ ಕಪ್ಪು-ಬಿಳುಪು ಚಿತ್ರ. ಮಜಾ ಕಡಿಮೆ, ದಿಗಿಲು ಜಾಸ್ತಿ. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತ್ತು. ಅದರ ವಿಕಿರಣದ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿದ್ದಿತ್ತು. ಸಿನಿಮಾ ಶುರುವಾಗುವುದೂ ಸಮುದ್ರದಲ್ಲಿ ಮುಳುಗುವ ಹಡಗಿನಿಂದಲೇ. ಗಾಡ್ಜಿಲ್ಲಾ ಎಂಬ ಆ ದೈತ್ಯ ಮೃಗ ಟೋಕಿಯೋವನ್ನು ಸುಟ್ಟ ಮೇಲೆ ಕ್ಯಾಮೆರಾ ಗಾಯಾಳುಗಳ ನಡುವೆ ಹೋಗಿ ನಿಲ್ಲುತ್ತದೆ. ಇಂಥ ಸಿನಿಮಾಗಳಲ್ಲಿ ಅದು ಅಪರೂಪ. ರಬ್ಬರ್ ವೇಷದೊಳಗೆ ಮನುಷ್ಯ ಇದ್ದಾನೆ ಅಂತ ಗೊತ್ತಿದ್ದರೂ ನಗು ಬರುವುದಿಲ್ಲ. ಅಂದಹಾಗೆ, ಗಾಡ್ಜಿಲ್ಲಾದ ಘರ್ಜನೆ ಹುಟ್ಟಿದ್ದು ಡಬಲ್ ಬಾಸ್ ವಾದ್ಯದ ತಂತಿಗಳ ಮೇಲೆ ಚರ್ಮದ ಕೈಗವಸು ಉಜ್ಜಿ!

1964ರ ‘ಮಾಥ್ರಾ ವರ್ಸಸ್ ಗಾಡ್ಜಿಲ್ಲಾ’ ಬಣ್ಣದ್ದು. ಮಾಥ್ರಾ ಎಂಬ ದೈತ್ಯ ಪತಂಗ, ದಡಕ್ಕೆ ತೇಲಿಬಂದ ಮೊಟ್ಟೆ, ಅದನ್ನು ತೋರಿಸಿ ದುಡ್ಡು ಮಾಡಲು ಹೊರಟ ವ್ಯಾಪಾರಿಗಳು, ಹಾಡುವ ಪುಟಾಣಿ ಅವಳಿ ಹುಡುಗಿಯರು. ಮಕ್ಕಳ ಜೊತೆ ನೋಡುವುದಾದರೆ ಇದೇ ಸರಿ.

ಒಬ್ಬರೇ ಕೂತು ನೋಡುವವರಿಗೆ ನನ್ನ ಓಟು 1954ರದ್ದಕ್ಕೆ. ಆದರೆ ಜಪಾನೀಸ್ ಆವೃತ್ತಿಯನ್ನೇ ಹುಡುಕಿ. 1956ರಲ್ಲಿ ಅಮೆರಿಕದವರು ಅದನ್ನು ಕತ್ತರಿಸಿ, ನಡುವೆ ರೇಮಂಡ್ ಬರ್ ಎಂಬ ನಟನ ದೃಶ್ಯಗಳನ್ನು ಸೇರಿಸಿದರು. ಮೊದಲ ಸಲಕ್ಕೆ ಅದು ಬೇಡ.