ತೆರೆದ ಇಳಿಜಾರೋ, ಕಾಡಿನ ದಾರಿಯೋ?

ಹಿಮ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಗೊತ್ತಾಗುತ್ತಿಲ್ಲ, ಜೊತೆಗಿರುವುದು ಒಬ್ಬನೇ ಗೆಳೆಯ. ಸ್ಕೀ ಮಾಡಲು ಎರಡು ದಾರಿಗಳಿವೆ ಅಂದುಕೊಳ್ಳಿ.

ಒಂದು, 35 ಡಿಗ್ರಿಯ ತೆರೆದ ಇಳಿಜಾರು. ಸ್ಕೀ ಮಾಡುವ ಖುಷಿ ಇಲ್ಲೇ ಜಾಸ್ತಿ, ನಿಜ. ಆದರೆ ಹಿಮಕುಸಿತಗಳು ಹೆಚ್ಚಾಗಿ ಶುರುವಾಗುವುದೂ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ. ಹೊಸ ಹಿಮದ ಮೇಲೆ ಜೋರು ಗಾಳಿ ಬೀಸಿದ್ದರೆ ಅಪಾಯ ಇನ್ನೂ ಹೆಚ್ಚು. ಕಾಲಡಿ ಹಿಮ ಧಪ್ಪೆಂದು ಕುಸಿದ ಸದ್ದು ಕೇಳಿದರೆ, ಸ್ಕೀ ಮುಂದೆ ಬಿರುಕು ಓಡಿದರೆ ಈ ದಾರಿ ಬಿಟ್ಟುಬಿಡಿ. ಇಬ್ಬರಲ್ಲಿ ಒಬ್ಬರು ಹೂತುಹೋದರೆ ಹುಡುಕಿ ಅಗೆಯಲು ಉಳಿಯುವುದು ಇನ್ನೊಬ್ಬರು ಮಾತ್ರ, ಅಲ್ವಾ? ಮೊದಲ 10-15 ನಿಮಿಷ ದಾಟಿದರೆ ಬದುಕುವ ಸಾಧ್ಯತೆ ಬೇಗ ಇಳಿಯುತ್ತದೆ.

ಇನ್ನೊಂದು, 25 ಡಿಗ್ರಿಯ ಕಾಡಿನ ದಾರಿ. ವೇಗ ಕಡಿಮೆ. ಮರಗಳಿವೆ ಅಂತ ಸುಮ್ನೆ ನಂಬಬೇಡಿ. ಮೇಲೆ ಕಡಿದಾದ ಇಳಿಜಾರಿದ್ದರೆ ಅಲ್ಲಿನ ಹಿಮ ಇಲ್ಲಿಗೂ ನುಗ್ಗಬಹುದು. ಮರದ ಬುಡದ ಸಡಿಲ ಹಿಮದಲ್ಲೂ ಸಿಕ್ಕಿಕೊಳ್ಳಬಹುದು, ಹಾಗಾಗಿ ಒಬ್ಬರಿಗೊಬ್ಬರು ಕಾಣುವಂತೆ ಇಳಿಯಿರಿ.

ಟ್ರಾನ್ಸೀವರ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಎರಡೂ ದಾರಿಗೆ ಬೇಕು, ಇಬ್ಬರ ಹತ್ತಿರವೂ.

ಇಂಥ ದಿನ ನಾನು ಆರಿಸುವುದು ಕಾಡಿನ ದಾರಿಯನ್ನೇ. ಗೆಳೆಯ ಅದೂ ಬೇಡ ಅಂದರೆ ವಾದ ಮಾಡದೆ ವಾಪಸ್ ಹೊರಡಿ.