ದುಬಾರಿ ಹೆಡ್‌ಫೋನ್ ಕೊಳ್ಳುವ ಮುನ್ನ ನನಗಾದದ್ದನ್ನು ಓದಿ

ಕಳೆದ ದೀಪಾವಳಿಯ ವಾರ ಬೆಂಗಳೂರಿನ ಅಂಗಡಿಯೊಂದರಲ್ಲಿ ₹46,000 ಕೊಟ್ಟು ಒಂದು ಹೆಡ್‌ಫೋನ್ ಕೊಂಡೆ. ಅದರ ಬೆನ್ನಿಗೇ ಆಂಪ್ಲಿಫೈಯರ್‌ಗೆ ₹18,500, ಕೇಬಲ್‌ಗೆ ₹7,000 ಹೋಯಿತು. ಈಗ ಎಡಗಿವಿಯ ಕಡೆ ಸದ್ದೇ ಇಲ್ಲ. ರಿಪೇರಿ ಮಾಡಿಕೊಡುವವರೂ ಇಲ್ಲ. ಇಷ್ಟು ಹಣವನ್ನು ಕೂಡಿಡಲು ನನಗೆ ಎರಡು ವರ್ಷ ಬೇಕಾಗಿತ್ತು. ಅದಕ್ಕೇ ನಡೆದದ್ದನ್ನೆಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಮನೆ ಧಾರವಾಡದಲ್ಲಿ. ಅಪ್ಪ ಧಾರವಾಡ ಆಕಾಶವಾಣಿಯ ಸಂಗೀತ ಕಾರ್ಯಕ್ರಮಗಳನ್ನು ವರ್ಷಗಟ್ಟಲೆ ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟಿದ್ದರು. ಮಲ್ಲಿಕಾರ್ಜುನ ಮನ್ಸೂರರ ಶಿವಮತ ಭೈರವ, ಗಂಗೂಬಾಯಿ ಹಾನಗಲ್ಲರ ಮತ್ತು ಬಸವರಾಜ ರಾಜಗುರುಗಳ ಗಾಯನ ಎಲ್ಲವೂ ಅದರಲ್ಲಿವೆ. ಅಪ್ಪ ಹೋದ ಮೇಲೆ ಅವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ರಾತ್ರಿ ಹತ್ತರ ನಂತರ, ಮನೆಯವರೆಲ್ಲ ಮಲಗಿದ ಮೇಲೆ, ಅವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಬೇಕೆಂಬುದು ನನ್ನ ಆಸೆಯಾಗಿತ್ತು. ಅಂಗಡಿಯವನಿಗೆ ಮೊದಲು ಹೇಳಿದ್ದೂ ಇದನ್ನೇ. ಇಷ್ಟನ್ನು ಕೇಳಿಸಿಕೊಂಡ ಮೇಲೂ ಅವನು ಆ ಹೆಡ್‌ಫೋನನ್ನೇ ನನ್ನ ಕೈಗಿಟ್ಟ.

ಅಂಗಡಿಯ ಒಳಕೋಣೆ ತಣ್ಣಗಿತ್ತು, ನೆಲಕ್ಕೆ ದಪ್ಪ ಜಮಖಾನೆ, ಹೊರಗಿನ ಸದ್ದು ಸುಳಿಯುತ್ತಿರಲಿಲ್ಲ. ಲಕ್ಷ ರೂಪಾಯಿಗೂ ಮೀರಿದ ಆಂಪ್ಲಿಫೈಯರ್‌ಗೆ ಜೋಡಿಸಿ, ಯಾವುದೋ ವಿದೇಶಿ ಜಾಝ್ ಮುದ್ರಣವನ್ನು ಹಾಕಿದ. ಡ್ರಮ್ಮಿನ ಒಂದೊಂದು ಪೆಟ್ಟೂ ಎದುರಿಗೇ ಬಾರಿಸಿದಂತಿತ್ತು. ನನಗೆ ಕಣ್ಣು ತುಂಬಿ ಬಂದದ್ದು ನಿಜ. "ನನ್ನ ಮೊಬೈಲಿನಲ್ಲಿರುವುದನ್ನೂ ಒಮ್ಮೆ ಕೇಳುತ್ತೇನೆ" ಎಂದೆ. "ಹಳೆಯ ರೆಕಾರ್ಡಿಂಗಿನಲ್ಲಿ ಇದರ ಶಕ್ತಿ ಗೊತ್ತಾಗುವುದಿಲ್ಲ, ಸರ್" ಎಂದು ನಯವಾಗಿ ತಡೆದ. ನಾನು ಎದ್ದು ಬರಬೇಕಿದ್ದುದು ಆ ಕ್ಷಣದಲ್ಲಿ. ನಾನು ಕೇಳಲಿರುವುದು ಹಳೆಯ ರೆಕಾರ್ಡಿಂಗನ್ನೇ ಆಗಿರುವಾಗ, ಬೇರೆ ಸಂಗೀತದಲ್ಲಿ ಅದು ಎಷ್ಟು ಚೆನ್ನಾಗಿದ್ದರೂ ನನಗೇನು ಪ್ರಯೋಜನ?

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಹೋಲಿಕೆಗೆಂದು ಅಂಗಡಿಯವನು ಅಗ್ಗದ ಹೆಡ್‌ಫೋನೊಂದನ್ನು ಮೊದಲು ಕೇಳಿಸಿದಾಗ ಸದ್ದು ಸ್ವಲ್ಪ ತಗ್ಗಿತ್ತು, ದುಬಾರಿಯದಕ್ಕೆ ಬಂದಾಗ ಸ್ವಲ್ಪ ಏರಿತ್ತು. ಒಂದೇ ಹಾಡನ್ನು ಎರಡು ಬಾರಿ ಕೇಳಿಸಿದರೆ, ಕೊಂಚ ಜೋರಾಗಿರುವುದೇ ಹೆಚ್ಚು ಸ್ಪಷ್ಟ, ಹೆಚ್ಚು ತುಂಬಿದ ನಾದ ಎಂದು ನಮ್ಮ ಕಿವಿ ತೀರ್ಮಾನಿಸುತ್ತದೆ. ಎರಡನ್ನೂ ಒಂದೇ ಮಟ್ಟದಲ್ಲಿ ಕೇಳಿಸಿ ಎಂದು ಹಟ ಹಿಡಿಯಿರಿ.

ಮನೆಗೆ ಬಂದು ಮೊಬೈಲಿಗೆ ಜೋಡಿಸಿದೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಮನ್ಸೂರರ ದನಿ ದೂರದ ಓಣಿಯಿಂದ ಬಂದಂತಿತ್ತು. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ 300 ಓಮ್ ಎಂದಿತ್ತು. ಅದು ಇಂಪಿಡೆನ್ಸ್, ಅಂದರೆ ಹೆಡ್‌ಫೋನು ವಿದ್ಯುತ್ತಿಗೆ ಒಡ್ಡುವ ತಡೆ. ಹೆಡ್‌ಫೋನ್ ಜೋಡಿಸಲು ಮೊಬೈಲಿಗೆ ಚುಚ್ಚುವ ಸಣ್ಣ ಡಾಂಗಲ್‌ಗಳಲ್ಲಿ ಬಹಳಷ್ಟು ಒಂದು ವೋಲ್ಟ್ ಅಥವಾ ಅದಕ್ಕೂ ಕಡಿಮೆ ಕೊಡುತ್ತವೆ. ಒಂದು ವೋಲ್ಟಿಗೆ 300 ಓಮ್‌ನಲ್ಲಿ ಸಿಗುವ ಶಕ್ತಿ ಸುಮಾರು 3.3 ಮಿಲಿವ್ಯಾಟ್ ಮಾತ್ರ. ತಗ್ಗಿದ ಮಟ್ಟದಲ್ಲಿ ಮುದ್ರಿತವಾದ ಹಳೆಯ ಸಂಗೀತಕ್ಕೆ ಅದು ಸಾಲಲಿಲ್ಲ. ಹೆಚ್ಚು ಓಮ್ ಇರುವುದು ದೋಷವೇನೂ ಅಲ್ಲ. 1997ರಲ್ಲಿ ಬಂದು ಇಂದಿಗೂ ಹೆಸರುಳಿಸಿಕೊಂಡಿರುವ ಸೆನ್‌ಹೈಸರ್ ಎಚ್‌ಡಿ 600 ಕೂಡ 300 ಓಮ್‌ನದೇ. ಬೇಯರ್‌ಡೈನಾಮಿಕ್ ಡಿಟಿ 880 ಎಂಬ ಒಂದೇ ಹೆಸರಿನಡಿ 32, 250 ಮತ್ತು 600 ಓಮ್‌ನ ಮೂರು ಬಗೆಗಳು ಮಾರಾಟವಾಗಿವೆ. ಹೆಸರು ನೋಡಿ ಕೊಂಡರೆ ಯಾವುದು ಕೈಗೆ ಬರುತ್ತದೋ ತಿಳಿಯದು. ಓಮ್ ಕಡಿಮೆ ಇದ್ದ ಮಾತ್ರಕ್ಕೆ ಮೊಬೈಲಿಗೆ ಹೊಂದುತ್ತದೆ ಎಂದೂ ಅಲ್ಲ, ಸೆನ್ಸಿಟಿವಿಟಿಯನ್ನು, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಎಂಬುದನ್ನು ಹೇಳುವ ಡೆಸಿಬಲ್ ಅಂಕಿಯನ್ನೂ ನೋಡಬೇಕು. ತೆಳುವಾದ ಚಪ್ಪಟೆ ಪೊರೆಯಿಂದ ಸದ್ದು ಹೊರಡಿಸುವ ಪ್ಲೇನಾರ್ ಬಗೆಯ ಕೆಲವು ಹೆಡ್‌ಫೋನ್‌ಗಳು ಕಡಿಮೆ ಓಮ್‌ನವಾದರೂ ದೊಡ್ಡ ಆಂಪ್ಲಿಫೈಯರ್ ಬೇಡುತ್ತವೆ.

ಫೋನ್ ಮಾಡಿ ಹೇಳಿದಾಗ ಅಂಗಡಿಯವನು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಇದಕ್ಕೆ ಆಂಪ್ಲಿಫೈಯರ್ ಬೇಕೇ ಬೇಕು, ಸರ್" ಎಂದ. ಕೊಳ್ಳುವ ದಿನ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ. ಕೇಬಲ್ ಬದಲಿಸಿದರೆ ನಾದ ತೆರೆದುಕೊಳ್ಳುತ್ತದೆ ಎಂದ, ಅದಕ್ಕೂ ಒಪ್ಪಿದೆ. ಒಂದೂವರೆ ಮೀಟರ್ ತಾಮ್ರದ ಕೇಬಲ್ಲಿನ ತಡೆ ಒಂದು ಓಮ್‌ನ ಸಣ್ಣ ಪಾಲು. 300 ಓಮ್‌ನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆ ₹7,000 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸದ್ದೇನೋ ಏರಿತು. ಆದರೆ ಮೇಲಿನ ಸ್ವರಗಳನ್ನು ಎತ್ತಿ ತೋರಿಸುವುದು ಈ ಹೆಡ್‌ಫೋನಿನ ಗುಣ. ಹೊಸ ಸ್ಟುಡಿಯೋ ಮುದ್ರಣದಲ್ಲಿ ಅದು ಸೊಗಸಾದ ಹೊಳಪು. ಅಪ್ಪನ ಕ್ಯಾಸೆಟ್ಟುಗಳಲ್ಲಿ ಮಾತ್ರ ತಂಬೂರಿಗಿಂತ ಮುಂದೆ ಟೇಪಿನ ಸುಯ್ಯೆನ್ನುವ ಸದ್ದು ಬಂದು ನಿಂತಿತು, ಸಕಾರ ಶಕಾರಗಳು ಕಿವಿಗೆ ಚುಚ್ಚಿದವು. ನಮ್ಮ ಹಳೆಯ ಸ್ಪೀಕರಿನಲ್ಲಿ ಮೃದುವಾಗಿ ಕೇಳುತ್ತಿದ್ದ ದನಿ ಇಲ್ಲಿ ಒರಟಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಆಂಪ್ಲಿಫೈಯರ್ ಬಂದ ಮೊದಲ ರಾತ್ರಿಯೇ ಬಿತ್ತು. "ರೀ, ಸ್ವಲ್ಪ ತಗ್ಗಿಸಿ, ಮಗಳಿಗೆ ನಾಳೆ ಪರೀಕ್ಷೆ" ಎಂದು ಹೆಂಡತಿ ಪಕ್ಕದ ಕೋಣೆಯಿಂದ ಎದ್ದು ಬಂದಳು. ಇದು ಓಪನ್ ಬ್ಯಾಕ್ ಹೆಡ್‌ಫೋನು. ಹೊರಮೈಯಲ್ಲಿ ಜಾಲರಿ ಇರುತ್ತದೆ, ಒಳಗಿನ ಸದ್ದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುತ್ತದೆ. ನಾದ ವಿಶಾಲವಾಗಿ, ಹಾಡು ತಲೆಯ ಹೊರಗೆ ಹರಡಿದಂತೆ ಕೇಳುವುದು ಈ ರಚನೆಯಿಂದಲೇ. ಒಬ್ಬರೇ ಇರುವ ಮೌನದ ಕೋಣೆಯಲ್ಲಿ ಅದು ದೊಡ್ಡ ಸುಖ. ಬಾಗಿಲಿನಾಚೆ ಮಗಳು ಓದುವ, ತಲೆಯ ಮೇಲೆ ಫ್ಯಾನ್ ತಿರುಗುವ ನಮ್ಮಂಥ ಮನೆಗೆ ಬೇಕಿದ್ದುದು ಹೊರಮೈ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್. "ಮನೆಯವರೆಲ್ಲ ಮಲಗಿದ ಮೇಲೆ" ಎಂದು ನಾನು ಹೇಳಿದಾಗಲೇ ಅಂಗಡಿಯವನು ಇದನ್ನು ಹೇಳಬಹುದಿತ್ತು.

ಬೇಸಿಗೆ ಬಂತು, ಫ್ಯಾನ್ ಜೋರಾಯಿತು. ಮನೆಯವರು ಊರಿಗೆ ಹೋಗಿದ್ದ ದಿನಗಳಲ್ಲಿ ಅದರ ಸದ್ದನ್ನು ಮೀರಲು ವಾಲ್ಯೂಮ್ ಏರಿಸುತ್ತ ಹೋದೆ. ಎರಡು ವಾರದಲ್ಲಿ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಗಿ ವೈದ್ಯರ ಬಳಿ ಹೋಗಬೇಕಾಯಿತು. 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಮೂರು ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಸುತ್ತಲಿನ ಸದ್ದನ್ನು ತಡೆಯದ ಹೆಡ್‌ಫೋನು ಈ ಮಿತಿಯನ್ನು ನಮಗೆ ಗೊತ್ತಾಗದಂತೆಯೇ ದಾಟಿಸುತ್ತದೆ. ನನ್ನ ಕಿವಿಯ ಗುಂಯ್‌ಗುಡುವಿಕೆ ಅದೃಷ್ಟವಶಾತ್ ತಗ್ಗಿದೆ.

ಆರನೆಯ ತಿಂಗಳಲ್ಲಿ ಎಡಗಿವಿಯ ಕಡೆ ಸದ್ದು ಕ್ಷೀಣಿಸಿ, ಒಂದು ದಿನ ಪೂರ್ತಿ ನಿಂತಿತು. ಕೇಬಲ್ ಅದಲುಬದಲು ಮಾಡಿ ನೋಡಿದೆ, ದೋಷ ಒಳಗೇ ಇತ್ತು. ಕಂಪನಿಯ ಸರ್ವಿಸ್ ಸೆಂಟರಿನವರು ಸೀರಿಯಲ್ ನಂಬರ್ ನೋಡಿ, ಇದು ಭಾರತದ ಮಾರಾಟಕ್ಕೆ ಬಂದ ಸರಕಲ್ಲ, ಇಲ್ಲಿ ವಾರಂಟಿ ಇಲ್ಲ ಎಂದರು. ಬೇರೆ ದೇಶದಿಂದ ಅಡ್ಡದಾರಿಯಲ್ಲಿ ತರಿಸಿದ ಮಾಲು ಅದು. ಬಿಲ್ ಕೇಳಿದರು. ನನ್ನ ಬಳಿ ಇದ್ದದ್ದು 'ಎಸ್ಟಿಮೇಟ್' ಎಂದು ಬರೆದ ಚೀಟಿ. ಕೊಳ್ಳುವಾಗ ಅಂಗಡಿಯವನು "ಜಿಎಸ್‌ಟಿ ಬಿಲ್ ಬೇಕೆಂದರೆ ₹54,280, ಬೇಡವಾದರೆ ₹46,000" ಎಂದಿದ್ದ. ನಾನು ₹8,280 ಉಳಿಸಲು ಹೋದೆ. ಆ ತಪ್ಪು ನನ್ನದೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ತಾನು ಮಾರುತ್ತಿರುವುದಕ್ಕೆ ಇಲ್ಲಿ ವಾರಂಟಿಯೇ ಇಲ್ಲವೆಂದು ಗೊತ್ತಿದ್ದೂ "ಎರಡು ವರ್ಷ ವಾರಂಟಿ, ನಮ್ಮ ಹೊಣೆ" ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿದ್ದು ಮೋಸ. ಈಗ ಅವನು ನನ್ನ ಕರೆಯನ್ನೇ ಸ್ವೀಕರಿಸುವುದಿಲ್ಲ.

1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ₹5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದು ಮುಗಿಯುವವರೆಗೆ ಅಂಗಡಿಯ ಹೆಸರನ್ನಾಗಲಿ ಹೆಡ್‌ಫೋನಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ನಿಮಗೂ ಹೀಗೇ ಮಾರಿದ್ದರೆ ಯುಪಿಐ ಪಾವತಿಯ ದಾಖಲೆ, ಆ ಚೀಟಿ, ಅವರು ಕಳಿಸಿದ ಸಂದೇಶಗಳು, ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರಿನ ಫೋಟೋ ಎಲ್ಲವನ್ನೂ ಇವತ್ತೇ ತೆಗೆದಿಟ್ಟುಕೊಳ್ಳಿ. ನನ್ನ ದೂರು ನಿಂತಿರುವುದು ಅಳಿಸದೆ ಉಳಿಸಿಕೊಂಡ ಒಂದು ವಾಟ್ಸ್ಆ್ಯಪ್ ಸಂದೇಶದ ಮೇಲೆ.